ಬೆಚ್ಚಗಿದ್ದ ಲೇತು

ಓಣಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಗುಮಾನಿ ಮಾವ ಎಂದೇ. ಕುರ್ಚಿಯ ಕಾಲು, ಮೆಟ್ಟಿಲ ಕಂಬಿ, ತೊಟ್ಟಿಲ ಗುಂಡು ಕಡೆದು ಸಂಸಾರ ತೂಗಿಸಿದವನು. ಮರ ಬಂದರೆ ತಟ್ಟಿ, ಮೂಸಿ, ಬೆಳಕಿಗೆ ಹಿಡಿದು ನೋಡದೆ ಮುಟ್ಟುತ್ತಿರಲಿಲ್ಲ. ಹೆಂಡತಿ ಕೊಟ್ಟ ಚಹಾಕ್ಕೂ, "ಇವತ್ತೇನೋ ಬೇರೆ ಥರ ಇದೆಯಲ್ಲ?" ಎನ್ನುವನು.

"ಮದುವೆಗೆ ಮುಂಚೆ ನನ್ನನ್ನೂ ಹೀಗೆ ಮೂಸಿ ನೋಡಿದ್ರೆ, ನಾನೇ ಬೇಡ ಅಂದುಬಿಡ್ತಿದ್ದೆ" ಎಂದು ಆಕೆ ನಗುವಳು.

ಈಚೆಗೆ ಮರವನ್ನು ತಿರುಗಿಸಿ ಕಡೆಯುವ ಅವನ ಲೇತು ಯಂತ್ರ ನಡುಗತೊಡಗಿತ್ತು. ಉಳಿಯನ್ನು ಎಷ್ಟು ಬಿಗಿಯಾಗಿ ಹಿಡಿದರೂ ಮರದ ಮೈಮೇಲೆ ಅಲೆ ಏಳುತ್ತಿತ್ತು. ಆಗಲೇ ಸುದ್ದಿ ಬಂತು: ಭುಜದ ನೋವಿನಿಂದ ಕೆಲಸ ಬಿಟ್ಟ ಕುರ್ಚಿ ವ್ಯಾಪಾರಿಯೊಬ್ಬ ತನ್ನ ಲೇತನ್ನು ಮಾರುತ್ತಿದ್ದಾನೆ.

ವ್ಯಾಪಾರಿ ಬಾಗಿಲಲ್ಲೇ ಕೈಹಿಡಿದು ಒಳಗೆ ಕರೆದ, ಕುರ್ಚಿಯ ಧೂಳು ತಾನೇ ಒರೆಸಿದ. ಗುಮಾನಿ ಮಾವನಿಗೆ ಆ ಉಪಚಾರವೇ ಹಿಡಿಸಲಿಲ್ಲ. ಒಳ್ಳೆಯ ಮಾಲು ಇರುವವನು ಇಷ್ಟು ಹಲ್ಲು ಕಿರಿಯುವುದಿಲ್ಲ.

ಆದರೆ ಲೇತಿನಲ್ಲಿ ಕುಂದು ಸಿಗಲಿಲ್ಲ. ಎರಕದ ಕಬ್ಬಿಣದ ಹಾಸು, ಅಲುಗಿಸಿದರೂ ಅಲುಗದ ತೂಕ. ಮರವನ್ನು ಕಚ್ಚಿ ಹಿಡಿಯುವ ಎಡಬಲದ ಎರಡು ಮೊನೆಗಳನ್ನು ಹತ್ತಿರ ತಂದರೆ ಸೂಜಿಗೆ ಸೂಜಿ ಮುಟ್ಟಿದಂತೆ ಕೂಡಿದವು. ತಿರುಗುವ ದಂಡವನ್ನು ಹಿಡಿದು ಜಗ್ಗಿದ. ಒಂದು ಕೂದಲಿನಷ್ಟೂ ಸಡಿಲವಿಲ್ಲ. ಅವನ ಅನುಮಾನ ಇನ್ನಷ್ಟು ಬಲಿಯಿತು. ಬೇರಿಂಗ್ ಇರುವ ಜಾಗಕ್ಕೆ ಅಂಗೈ ಒತ್ತಿದ.

"ಇದು ಬೆಚ್ಚಗಿದೆಯಲ್ಲ!"

"ಬಿಸಿಲಿಗೆ ಕಾದಿರತ್ತೆ."

ಷೆಡ್ಡಿಗಿದ್ದದ್ದು ಒಂದೇ ಕಿಟಕಿ, ಅದೂ ಪಕ್ಕದ ಗೋಡೆಗೆ ಮುಖ ಮಾಡಿತ್ತು. ಸವೆದ ಬೇರಿಂಗು ತಣ್ಣಗಿದ್ದಾಗ ಕಿರುಚುತ್ತದೆ, ಓಡಿಸಿ ಬಿಸಿ ಮಾಡಿಟ್ಟರೆ ಬಾಯಿ ಮುಚ್ಚಿಕೊಳ್ಳುತ್ತದೆ. ಸಿಕ್ಕಿಬಿದ್ದೆಯಾ, ಎಂದುಕೊಂಡ.

"ತಣ್ಣಗಾಗಲಿ, ಕೂತಿರ್ತೀನಿ" ಎಂದು ಕುರ್ಚಿ ಎಳೆದ. ವ್ಯಾಪಾರಿಯ ಮುಖ ಸಪ್ಪಗಾಯಿತು. ಫೋನ್ ಬಂತೆಂದು ಹೊರಗೆ ಹೋದ.

ಆಗ ಹಿಂಬಾಗಿಲಿನಿಂದ ವ್ಯಾಪಾರಿಯ ಸೊಸೆ ಬಂದಳು. ಮೆಲ್ಲಗೆ, "ತಗೋಬೇಡಿ. ಒಳಗೆ ಬಿರುಕು ಬಿಟ್ಟಿದೆ. ಮೇಲೆ ಬಣ್ಣ ಬಳಿದಿದ್ದಾರೆ" ಎಂದಳು.

ಸ್ವಂತ ಮಾವನ ಮೇಲೆ ಸೊಸೆ ಚಾಡಿ ಹೇಳುವುದೇ? ಗುಮಾನಿ ಮಾವ ಅದನ್ನೂ ನಂಬಲಿಲ್ಲ. ಮರದ ಸುತ್ತಿಗೆಯಿಂದ ಕಬ್ಬಿಣಕ್ಕೆ ಮೆಲ್ಲಗೆ ಬಡಿದ. ಗಂಟೆಯಂತೆ ನಾದ ಹೊರಟಿತು. ಬಿರುಕು ಬಿಟ್ಟ ಕಬ್ಬಿಣ ಹಾಗೆ ಹಾಡುವುದಿಲ್ಲ.

"ಯಾಕಮ್ಮ ಸುಳ್ಳು ಹೇಳಿದೆ?"

ಅವಳು ಹೊರಡಲು ತಿರುಗಿದಳು. ಅವಳ ಜಡೆಯಲ್ಲಿ ಮರದ ಸಿಪ್ಪೆಯ ಒಂದು ಹಸಿ ಸುರುಳಿ ಸಿಕ್ಕಿಕೊಂಡಿತ್ತು.

"ಓಡಿಸ್ತಿದ್ದವಳು ನೀನಾ?"

"ಹೌದು. ಮಾವ ಮಲಗಿದಾಗ ಬಟ್ಟಲು ಕಡೀತೀನಿ. ಇದೊಂದು ಹೋದ್ರೆ ನನಗೆ ಈ ಮನೇಲಿ ಏನೂ ಇಲ್ಲ."

ವ್ಯಾಪಾರಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. "ಎಲ್ಲಾ ಗೊತ್ತು ನನಗೆ. ಹೊರಗಿನವರ ಮುಂದೆ ಬೇಡ ಅಂತ ಬಿಸಿಲು ಅಂದೆ" ಎಂದು ಸಿಡುಕಿದ. "ಕೂದಲು ಸಿಕ್ಕಿಕೊಂಡ್ರೆ ಗತಿ ಏನು? ನನ್ನ ಮಗ ನನ್ನನ್ನ ಸುಮ್ನೆ ಬಿಡ್ತಾನಾ? ಅದಕ್ಕೇ ಮಾರ್ತಿರೋದು."

ಇದೆಲ್ಲ ಬೆಲೆ ಏರಿಸಲು ಹೂಡಿದ ನಾಟಕವಿರಬಹುದೇ? ಗುಮಾನಿ ಮಾವ ಅದನ್ನೂ ಯೋಚಿಸಿದ. ಅವಳ ಕೈಗೆ ಉಳಿ ಕೊಟ್ಟು, "ಕಡೆ, ನೋಡೋಣ" ಎಂದ. ಅವಳು ಜಡೆ ಬಿಗಿದು ಕಟ್ಟಿದಳು, ಮೊಣಕೈಯನ್ನು ಪಕ್ಕೆಗೆ ಒತ್ತಿ ನಿಂತಳು. ಸುರುಳಿಗಳು ತುಂಡಾಗದೆ ಬಿದ್ದವು. ನಾಟಕವಾಗಿರಲಿಲ್ಲ.

ಅವನಿಗೆ ಆ ಲೇತಿನ ಮೇಲೆ ಆಸೆ ಹುಟ್ಟಿತ್ತು. ಸ್ವಲ್ಪ ಹೊತ್ತು ಹಾಸಿನ ಮೇಲೆ ಕೈಯಾಡಿಸುತ್ತ ನಿಂತ. ಆಮೇಲೆ ವ್ಯಾಪಾರಿಗೆ, "ಇವಳ ಕೂದಲು ಸಿಕ್ಕೋಲ್ಲ ಕಣಯ್ಯ. ನಾನು ಬೇರೆ ಕಡೆ ನೋಡ್ಕೋತೀನಿ" ಎಂದು ಹೊರಟ. ಬೀದಿಗಿಳಿದ ಮೇಲೆ, ಅಂಥ ಲೇತನ್ನು ಬಿಟ್ಟುಬಂದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಕೆಲವು ದಿನಗಳ ನಂತರ, ಮುಚ್ಚಿದ ಕಾರ್ಖಾನೆಯೊಂದರ ಲೇತು ನೋಡಲು ಹೋಗುವಾಗ ವ್ಯಾಪಾರಿಯ ಸೊಸೆಯನ್ನೂ ಕರೆದ. ಅವನ ಕಿವಿ ಸಣ್ಣ ಸದ್ದಿಗೆ ಮಂದವಾಗಿತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಅಲ್ಲಿ ಅವಳು, "ಒಳಗೆ ಸುಯ್ ಅಂತಿದೆ" ಎಂದಳು. ಅವನಿಗೇನೂ ಕೇಳಲಿಲ್ಲ. ಬೆಲ್ಟ್ ಬಿಚ್ಚಿಸಿ ಕೈಯಿಂದ ತಿರುಗಿಸಿದಾಗ ಬೆರಳಿಗೆ ಮರಳಿನಂತಹ ಕಿರಿಕಿರಿ ತಾಗಿತು. ಅದನ್ನು ಬಿಟ್ಟು, ಪಕ್ಕದಲ್ಲಿದ್ದ ಕುರೂಪಿ ಲೇತನ್ನು ಇಬ್ಬರೂ ಸೇರಿ ಆರಿಸಿದರು.

ಅದರಲ್ಲಿ ಕಡೆದ ಮೊದಲ ಕುರ್ಚಿಕಾಲನ್ನು ಹೆಂಡತಿ ಸವರಿ ನೋಡಿದಳು. ಅಲೆಯ ಸುಳಿವಿರಲಿಲ್ಲ.

"ಈಗಲಾದ್ರೂ ನಂಬಿಕೆ ಬಂತಾ?"

"ನೋಡೋಣ," ಎಂದ ಗುಮಾನಿ ಮಾವ, "ಒಂದು ಮಳೆಗಾಲ ಕಳೀಲಿ."