ಜೋಡೇಟು

ನನ್ನ ಬೆರಳುಗಳಿಗೆ ಸುಮ್ಮನಿರುವ ಸಂಸ್ಕಾರವಿಲ್ಲ. ಊಟದ ಮೇಜು, ಕಾರಿನ ಸ್ಟಿಯರಿಂಗು, ಅಂಗಡಿಯ ಕೌಂಟರು, ಮಗಳ ಶಾಲೆಯ ಸಭೆಯಲ್ಲಿ ಮುಂದಿನವರ ಕುರ್ಚಿಯ ಬೆನ್ನು, ಹೀಗೆ ಗಟ್ಟಿಯಾದದ್ದು ಏನು ಸಿಕ್ಕಿದರೂ ಅವು ನನ್ನ ಅಪ್ಪಣೆಗೆ ಕಾಯದೆ ಬಡಿಯತೊಡಗುತ್ತವೆ. ಪರ್ತ್‌ನ ವಿಲೆಟನ್ನಿನಲ್ಲಿರುವ ನಮ್ಮ ಮನೆಯಲ್ಲಿ ಇದಕ್ಕೊಂದು ಪ್ರಬಲ ವಿರೋಧಪಕ್ಷವಿದೆ. ಅದರ ನಾಯಕಿ ನನ್ನ ಹೆಂಡತಿ. ಉಪನಾಯಕಿ, ಇಲ್ಲಿಯೇ ಹುಟ್ಟಿ ಕನ್ನಡವನ್ನು ಕಿವಿಯಲ್ಲಿಯೂ ಇಂಗ್ಲಿಷನ್ನು ಬಾಯಲ್ಲಿಯೂ ಇಟ್ಟುಕೊಂಡಿರುವ ಮಗಳು. ಒಬ್ಬಳು "ಸಾಕು ನಿಲ್ಸ್ರೀ" ಎಂದರೆ ಇನ್ನೊಬ್ಬಳು "ಅಪ್ಪಾ, ಸ್ಟಾಪ್ ಇಟ್" ಎನ್ನುತ್ತಾಳೆ. ನಾನು ದ್ವಿಭಾಷಾ ಸೂತ್ರಕ್ಕೆ ತಲೆಬಾಗಿ ಕೈಕಟ್ಟಿಕೊಳ್ಳುತ್ತೇನೆ. ವೃತ್ತಿಯಲ್ಲಿ ಮಾತ್ರ ಈ ದುರಭ್ಯಾಸಕ್ಕೆ ಸ್ವಲ್ಪ ಮರ್ಯಾದೆಯುಂಟು. ನಾನೊಬ್ಬ ಜಿ.ಪಿ., ರೋಗಿಯ ಬೆನ್ನಿನ ಮೇಲೆ ಬೆರಳಿಟ್ಟು ಬೆರಳಿನಿಂದ ತಟ್ಟಿ, ಒಳಗೆ ಗಾಳಿಯಿದೆಯೋ ನೀರು ತುಂಬಿದೆಯೋ ಎಂದು ಕಿವಿಗೊಟ್ಟು ಕೇಳುವ ಹಳೆಯ ಕಾಲದ ವೈದ್ಯ. ನನ್ನ ಕಿರಿಯ ಸಹೋದ್ಯೋಗಿಗಳು ಇದನ್ನು ನೋಡಿ ನಗುತ್ತಾರೆ.

ಈ ಚಟದ ಮೂಲ ಹುಡುಕಿಕೊಂಡು ಹೊರಟರೆ ಮೈಸೂರಿನ ನಮ್ಮ ಶಾಲೆಯ ಮೈದಾನಕ್ಕೆ ಹೋಗಿ ನಿಲ್ಲಬೇಕಾಗುತ್ತದೆ. ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾಗಿ ಬಂದಿದ್ದ ಸ್ಟೀಫನ್ ಮಾಸ್ಟರು ಅಲ್ಲಿ ನಮಗೆ ಡ್ರಮ್ ಕಲಿಸಿದರು. ಶಾಲೆಯ ಬ್ಯಾಂಡಿನಲ್ಲಿ ಕೊಳಲು, ಬ್ಯೂಗಲ್ ಊದುವವರೂ ಇದ್ದರು. ಮುಂದೆ ಊದುವವರೆಲ್ಲ ಊರಿನಲ್ಲಿಯೇ ಉಳಿದು, ಬಡಿಯುವವರು ಮಾತ್ರ ವೈದ್ಯರಾಗಿ ಸಮುದ್ರ ದಾಟಿದ್ದು ಏಕೆಂಬುದು ಸಂಶೋಧನೆಗೆ ಅರ್ಹವಾದ ವಿಷಯ. ನಾನು ಸೊಂಟದ ಬದಿಗೆ ತೂಗುಬೀಳುವ ಸೈಡ್ ಡ್ರಮ್ಮಿನವನು. ವಿಜಿ ಎರಡು ಕಂಚಿನ ತಟ್ಟೆಗಳನ್ನು ಒಂದಕ್ಕೊಂದು ಅಪ್ಪಳಿಸುವ ಸಿಂಬಲ್ಲಿನವಳು. ಇಮ್ತಿಯಾಜ್ ಎದೆಗೆ ದೊಡ್ಡ ಡ್ರಮ್ ಕಟ್ಟಿಕೊಂಡವನು. ಎದುರಿನಿಂದ ನೋಡಿದರೆ ಡ್ರಮ್ಮಿಗೇ ಕಾಲು ಬಂದು ನಡೆಯುತ್ತಿರುವಂತೆ ಕಾಣುತ್ತಿತ್ತು.

ಓದುಗರೇ, ಬ್ಯಾಂಡಿನ ಒಂದು ಗುಟ್ಟು ನಿಮಗೆ ಹೇಳಬೇಕು. ಶುರುಮಾಡುವ ಅಧಿಕಾರ ಮುಂದೆ ಕೋಲು ಹಿಡಿದು ಮೆರೆಯುವವನದಾದರೂ ಮುಗಿಸುವ ಅಧಿಕಾರ ದೊಡ್ಡ ಡ್ರಮ್ಮಿನವನದು. ಕೊನೆಯ ಸುತ್ತು ಬಂತೆಂದು ಅವನಿಗೆ ಅನ್ನಿಸಿದಾಗ ತಾಳದ ನಡುವೆ ಬೇಗಬೇಗನೆ ಎರಡು ಗಟ್ಟಿ ಏಟು ಹಾಕುತ್ತಾನೆ. ಅದನ್ನು ಕೇಳಿದವರೆಲ್ಲ ಆ ಸುತ್ತು ಮುಗಿಸಿ ಒಟ್ಟಿಗೆ ಕೈ ನಿಲ್ಲಿಸಬೇಕು. ನಮ್ಮ ಬಾಯಲ್ಲಿ ಅದಕ್ಕೆ ಜೋಡೇಟು ಎಂದು ಹೆಸರು. "ಆಕಾಶ ಕಳಚಿ ಬಿದ್ರೂ ಜೋಡೇಟು ಬೀಳೋವರ್ಗೂ ಯಾವನೂ ಕೈ ನಿಲ್ಲಿಸಕೂಡ್ದು" ಎಂಬುದು ಸ್ಟೀಫನ್ ಮಾಸ್ಟರ ಶಾಸನ. ಒಂದು ಆಗಸ್ಟ್ ಹದಿನೈದರಂದು ಮುಖ್ಯ ಅತಿಥಿಗಳು ವೇದಿಕೆಗೆ ಹೋಗುವ ದಾರಿಯಲ್ಲಿ ನಿಂತುಬಿಟ್ಟರು. ಡ್ರಮ್ ನಿಲ್ಲುವ ಮೊದಲು ಹೆಜ್ಜೆ ಇಡಬಾರದೆಂಬುದು ಅವರ ಸೌಜನ್ಯ, ಅವರು ವೇದಿಕೆ ಹತ್ತುವ ಮೊದಲು ನಿಲ್ಲಿಸಬಾರದೆಂಬುದು ಇಮ್ತಿಯಾಜನ ಸೌಜನ್ಯ. ಈ ಎರಡು ಸೌಜನ್ಯಗಳ ಮಧ್ಯೆ ಸಿಕ್ಕಿ ನಾವು ನಿಂತಲ್ಲೇ ಕಾಲು ಕುಟ್ಟುತ್ತ ಎಷ್ಟು ಹೊತ್ತು ಬಡಿದೆವೆಂದರೆ ನನ್ನ ಹೆಗಲಿನ ಮೇಲೆ ಪಟ್ಟಿಯ ಬರೆ ಎದ್ದಿತ್ತು. ತಾಳಕ್ಕೂ ತಾಳ್ಮೆಗೂ ಸಂಬಂಧವಿದೆಯೆಂದು ನನಗೆ ತಿಳಿದದ್ದು ಅಂದು.

ಈಗ ನಾವು ಏಳು ಮಂದಿ ಈ ದೇಶದ ಮೂರು ಊರುಗಳಲ್ಲಿ ಹಂಚಿಹೋಗಿದ್ದೇವೆ. ನನ್ನದು ಪರ್ತ್, ಮಧ್ಯಾಹ್ನದ ಮೇಲೆ ಬೀಸುವ ಕಡಲಗಾಳಿಯನ್ನೂ ಡಾಕ್ಟರ್ ಎಂದು ಕರೆಯುವ, ಆದ್ದರಿಂದ ನನ್ನಂಥವರಿಗೆ ವಿಶೇಷ ಬೆಲೆಯೇನೂ ಇಲ್ಲದ ಊರು. ಮಕ್ಕಳ ವೈದ್ಯೆಯಾದ ವಿಜಿ ಬ್ರಿಸ್ಬೇನಿನ ಫಾರೆಸ್ಟ್ ಲೇಕಿನಲ್ಲಿದ್ದಾಳೆ. ಇಮ್ತಿಯಾಜ್ ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿ ಮನೆ ಮಾಡಿಕೊಂಡು ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞನಾಗಿದ್ದ. ಯುಗಾದಿಗೆ ಶುರುವಾಗುವ ಇಲ್ಲಿನ ಕನ್ನಡಿಗರ ಸೀಸನ್ನು ರಾಜ್ಯೋತ್ಸವಕ್ಕೆ ಮುಗಿದು, ಆಮೇಲೆ ಎಲ್ಲರೂ ಇಲ್ಲಿಯ ಡಿಸೆಂಬರಿನ ಬೇಸಿಗೆ ರಜೆಗೆ ಇಂಡಿಯಾ ವಿಮಾನ ಹತ್ತುತ್ತಾರೆ. ಆ ಕೊನೆಯ ಕಾರ್ಯಕ್ರಮದಲ್ಲಿ, ವರ್ಷಕ್ಕೊಂದು ಊರಿನಂತೆ, ನಾವು ಹಳೆ ವಿದ್ಯಾರ್ಥಿಗಳು ಕೂಡಿ ಡ್ರಮ್ ಬಾರಿಸುತ್ತೇವೆ. ಹೊಟ್ಟೆ ಮುಂದೆ ಬಂದಿರುವುದರಿಂದ ಡ್ರಮ್ಮು ಈಗ ಇನ್ನಷ್ಟು ಮುಂದಿರುತ್ತದೆ.

ಅರಿವಳಿಕೆ ಎಂಬ ಪದ ನನಗೆ ಬಹಳ ಇಷ್ಟ. ಅರಿವನ್ನು ಅಳಿಸುವುದು ಎಂಬ ಇಡೀ ವೃತ್ತಾಂತ ಐದೇ ಅಕ್ಷರದಲ್ಲಿ ಮುಗಿಯುತ್ತದೆ. ನಿನ್ನದು ಅಳಿಸುವ ಕೆಲಸ ಎಂದು ನಾನು ರೇಗಿಸಿದಾಗಲೆಲ್ಲ ಇಮ್ತಿಯಾಜ್ ಹೇಳುತ್ತಿದ್ದ: "ಅಳ್ಸೋದು ಯಾರ್ ಬೇಕಾದ್ರೂ ಮಾಡ್ತಾರೆ ಕಣೋ, ಟೀವಿನೂ ಮಾಡುತ್ತೆ. ವಾಪಸ್ ತರೋದಿದೆಯಲ್ಲ, ಅದು ನನ್ ಕೆಲ್ಸ."

ಹೋದ ವರ್ಷ ಸ್ಯಾಲಿಸ್‌ಬರಿಯ ಸಮುದಾಯ ಭವನದಲ್ಲಿ ನಾವು ಬಾರಿಸುವಾಗ, ಯಾವಾಗಲೂ ನಾಲ್ಕನೆಯ ಸುತ್ತಿನಲ್ಲಿ ಬೀಳುವ ಜೋಡೇಟು ಬೀಳಲಿಲ್ಲ. ಐದನೆಯದರಲ್ಲಿ ಬಿತ್ತು. ನಾವು ನಕ್ಕೆವು, ಅವನೂ ನಕ್ಕ. ಊಟದ ಸಾಲಿನಲ್ಲಿ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತ "ಅಮ್ಮ ಹೇಗಿದ್ದಾರೋ?" ಎಂದು ಕೇಳಿದ. ನನ್ನ ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಸುದ್ದಿ ತಿಳಿದ ಮರುದಿನವೇ ವಿಮಾನ ಹತ್ತಿ ಪರ್ತ್‌ಗೆ ಬಂದು, ನಮ್ಮ ಅಡುಗೆಮನೆಯಲ್ಲಿ ನಿಂತು ಎಲ್ಲರಿಗೂ ಕಾಫಿ ಮಾಡಿಕೊಟ್ಟವನು ಅವನೇ. ಕೈಯಲ್ಲಿ ತಟ್ಟೆ ಹಿಡಿದುಕೊಂಡು ನಾನು ಏನು ಹೇಳಿದೆನೆಂದರೆ, "ಆರಾಮಾಗಿದ್ದಾರೆ." ಸತ್ತ ತಾಯಿಯನ್ನು ಬದುಕಿಸುವುದು, ಬದುಕಿರುವ ಸ್ನೇಹಿತನನ್ನು ಒಂದು ಪ್ರಶ್ನೆ ಕೇಳುವುದಕ್ಕಿಂತ ಆ ಹೊತ್ತಿಗೆ ಸುಲಭವಾಗಿತ್ತು.

ನನ್ನ ಕ್ಲಿನಿಕ್ಕಿಗೆ ಬರುವ ವೃದ್ಧರಿಗೆ ಕಾಗದ ಕೊಟ್ಟು, ಒಂದು ಗಡಿಯಾರ ಬರೆಯಿರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದು ಕೇಳುವುದು ನನ್ನ ನಿತ್ಯದ ಕೆಲಸ. ಮರೆವಿನ ರೋಗದ ಮೊದಲ ಹೆಜ್ಜೆಗಳು ಅಲ್ಲಿ ಕಾಣುತ್ತವೆ. ಅಪರಿಚಿತರ ಗಡಿಯಾರಗಳನ್ನು ಅಷ್ಟು ನಿಷ್ಠೆಯಿಂದ ನೋಡುವ ನಾನು, ದಿನಾ ಬೆಳಗ್ಗೆ ಮನುಷ್ಯರ ಉಸಿರನ್ನು ತನ್ನ ಕೈಗೆ ತೆಗೆದುಕೊಳ್ಳುವ ಗೆಳೆಯನ ಬಗ್ಗೆ ಒಂದು ವರ್ಷ ಸುಮ್ಮನಿದ್ದೆ. ಈ ದೇಶದ ಕಾಯ್ದೆಯ ಪ್ರಕಾರ, ಒಬ್ಬ ವೈದ್ಯನ ಕಾಯಿಲೆಯಿಂದ ರೋಗಿಗಳಿಗೆ ಅಪಾಯವಿದೆಯೆಂದು ಮತ್ತೊಬ್ಬ ವೈದ್ಯನಿಗೆ ಖಚಿತವಾಗಿ ಅನ್ನಿಸಿದರೆ ಅವನು ತಿಳಿಸಲೇಬೇಕು. ನಾನು ನನಗೆ ಖಚಿತವಾಗದಂತೆ ನೋಡಿಕೊಂಡೆ. ಫೋನಿನಲ್ಲಿ ಕ್ರಿಕೆಟ್ಟು, ಮಕ್ಕಳ ಓದು, ಮಂಡಿನೋವು ಎಲ್ಲವನ್ನೂ ಮಾತಾಡಿದೆವು. ಅವನ ಆಪರೇಷನ್ ಥಿಯೇಟರಿನ ಬಾಗಿಲ ಬಳಿಗೆ ಮಾತು ಬಂದಾಗಲೆಲ್ಲ ನಾನು ಬೇರೆ ಓಣಿಗೆ ತಿರುಗಿಸಿದೆ.

ಈ ಸಲದ ಸರದಿ ಬ್ರಿಸ್ಬೇನಿನದು. ಫಾರೆಸ್ಟ್ ಲೇಕ್ ಎಂಬಲ್ಲಿ ಕೆರೆಯಿರುವುದು ನಿಜ, ಆದರೆ ಅದು ಬಡಾವಣೆಗೆಂದೇ ತೋಡಿ ನೀರು ತುಂಬಿಸಿದ್ದು. ಅದರ ದಡದಲ್ಲಿ ಶಾಮಿಯಾನ, ಹಳದಿ ಕೆಂಪು ಬಾವುಟ, ಕಸದ ಡಬ್ಬಿಗಳಿಗೆ ಕೊಕ್ಕು ಹಾಕುವ ಐಬಿಸ್ ಹಕ್ಕಿಗಳು, ಮಧ್ಯಾಹ್ನದ ಮೇಲೆ ಗುಡುಗು ಬಂದೀತೆಂಬ ಸಂಘಟಕರ ಆತಂಕ. ನಾವು ಏಳು ಮಂದಿ ಸಾಲಾಗಿ ನಿಂತು ಶುರುಮಾಡಿದೆವು. ನಾಲ್ಕನೆಯ ಸುತ್ತು ಬಂತು, ಹೋಯಿತು. ಐದು, ಆರು. ಜೋಡೇಟು ಇಲ್ಲ. ಜನ ಇದನ್ನು ನಮ್ಮ ಉತ್ಸಾಹವೆಂದು ತಿಳಿದು ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟತೊಡಗಿದರು. ಏಳು, ಎಂಟು. ವಿಜಿಯ ತೋಳು ಸೋತಿತ್ತು. ಅವಳು ಸಿಂಬಲ್ಲಿನ ಮೇಲಿಂದ ನನ್ನನ್ನೇ ನೋಡಿದಳು. ತಮಾಷೆಯೆಂದರೆ, ನಾವು ಯಾರೂ ನಿಲ್ಲಿಸಲಿಲ್ಲ. ಜೀವ ಉಳಿಸುವ, ಹೆರಿಗೆ ಮಾಡಿಸುವ, ಎದೆ ಸೀಳುವ ಆರು ಮಂದಿ ಹಿರಿಯ ವೈದ್ಯರು, ಎಂದೋ ತೀರಿಹೋದ ಬ್ಯಾಂಡ್ ಮಾಸ್ಟರಿಗೆ ಹೆದರಿಕೊಂಡು ಬಡಿಯುತ್ತಲೇ ಇದ್ದೆವು.

ಆಗ ಇಮ್ತಿಯಾಜನ ಮುಖ ನೋಡಿದೆ. ಕೈ ಎಳ್ಳಷ್ಟೂ ತಪ್ಪುತ್ತಿರಲಿಲ್ಲ. ನಲವತ್ತು ವರ್ಷದ ಹಿಂದಿನ ಅದೇ ಏಟು, ಅದೇ ಅಂತರ. ಮುಖದಲ್ಲಿ ಮಾತ್ರ ಭಯವಿತ್ತು. ತನ್ನಿಂದ ಎಲ್ಲರೂ ಏನನ್ನೋ ನಿರೀಕ್ಷಿಸುತ್ತಿದ್ದಾರೆಂದು ಅವನಿಗೆ ತಿಳಿದಿತ್ತು, ಅದು ಏನೆಂದು ತಿಳಿಯುತ್ತಿರಲಿಲ್ಲ. ಎಲ್ಲ ಉಳಿದು, ನಿಲ್ಲಿಸುವುದೊಂದೇ ಅಳಿಸಿಹೋಗಿತ್ತು. ನಾನು ಸಾಲು ಬಿಟ್ಟು ಅವನ ಬಳಿಗೆ ನಡೆದು, ನನ್ನ ಸಣ್ಣ ಕೋಲಿನಿಂದ ಅವನ ದೊಡ್ಡ ಡ್ರಮ್ಮಿನ ಮೇಲೆ ಎರಡು ಏಟು ಹಾಕಿದೆ. ಎಲ್ಲ ಕೈಗಳೂ ಸುತ್ತು ಮುಗಿಸಿ ನಿಂತವು, ಅವನದೂ.

ಆಮೇಲೆ ಕೆರೆಯ ದಡದ ಬೆಂಚಿನಲ್ಲಿ ನಾವಿಬ್ಬರೇ ಕೂತೆವು. "ನಾಳೆ ಹೊರಡ್ಬೇಕು, ಸೋಮವಾರ ಆಪರೇಷನ್ ಲಿಸ್ಟ್ ಇದೆ, ಆರು ಕೇಸು" ಎಂದ. ನಾನು ಊಟದ ಕಾಗದದ ತಟ್ಟೆಯೊಂದನ್ನು ಮಗುಚಿ ಅವನ ಮಡಿಲಲ್ಲಿಟ್ಟು ಪೆನ್ನು ಕೊಟ್ಟೆ. ಹೇಳುವ ಅಗತ್ಯವಿರಲಿಲ್ಲ, ಅವನೂ ವೈದ್ಯನೇ.

"ಏನೋ ಇದು? ನಾನೇನ್ ನಿನ್ ಪೇಷೆಂಟಾ?"

"ಬರಿ. ಹನ್ನೊಂದು ಹತ್ತು."

ಬರೆದ. ಹನ್ನೆರಡನ್ನು ನೆತ್ತಿಯಲ್ಲಿ ಸರಿಯಾಗಿ ಇಟ್ಟ. ಒಂದು, ಎರಡು, ಮೂರು ಎಂದು ಇಳಿಯುತ್ತ ಹನ್ನೊಂದರವರೆಗೆ ಅಷ್ಟನ್ನೂ ಬಲಗಡೆಯ ಅರ್ಧದಲ್ಲಿ ತುಂಬಿದ. ಎಡಭಾಗ ಖಾಲಿಯಾಗಿ ಉಳಿಯಿತು. ಮುಳ್ಳು ಎಳೆಯದೆ ಬಹಳ ಹೊತ್ತು ಅದನ್ನೇ ನೋಡಿ, ತಟ್ಟೆಯನ್ನು ನಾಲ್ಕಾಗಿ ಮಡಿಚಿ ಜೇಬಿಗೆ ಹಾಕಿಕೊಂಡ.

"ಸೋಮವಾರ ಹೋಗ್ಬೇಡ ಇಮ್ತಿಯಾಜ್. ನೀನೇ ಅವ್ರಿಗೆ ಹೇಳ್ಬಿಡು."

"ಬಿಸ್ಲು ಜಾಸ್ತಿ ಕಣೋ ಇಲ್ಲಿ, ಅಷ್ಟೇ. ಹೋಗ್ತೀನಿ."

"ನೀನು ಹೇಳ್ದಿದ್ರೆ ನಾನು ಹೇಳ್ಬೇಕಾಗತ್ತೆ."

ಅವನು ನೀರಿನ ಕಡೆ ತಿರುಗಿದ. ಆಮೇಲೆ, ಕೋಪವೇ ಇಲ್ಲದ ದನಿಯಲ್ಲಿ, "ಅಮ್ಮ ಹೇಗಿದ್ದಾರೋ?" ಎಂದು ಕೇಳಿದ. ಈ ಸಲ ನಾನು ನಿಜ ಹೇಳಿದೆ. ಅವನು ಮೊದಲ ಸಲ ಕೇಳಿದವನಂತೆ ಅತ್ತ.

ಮರುದಿನ ಭಾನುವಾರ ಬೆಳಗ್ಗೆ, ಅವನು ಇನ್ನೂ ಹೇಳಿಲ್ಲವೆಂದು ಖಚಿತಮಾಡಿಕೊಂಡು, ವಿಜಿಯ ಅಡುಗೆಮನೆಯಲ್ಲಿ ಕೂತು ಅವನ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಸೋಮವಾರದ ಪಟ್ಟಿಯಿಂದ ಅವನ ಹೆಸರು ಹೋಯಿತು. ಆಮೇಲೆ, ವೈದ್ಯರ ನೋಂದಣಿ ನೋಡಿಕೊಳ್ಳುವವರಿಗೆ ಬರೆಯತೊಡಗಿದೆ. ಈ ಲಕ್ಷಣ ನನ್ನ ಗಮನದಲ್ಲಿರುವುದು ಯಾವಾಗಿನಿಂದ ಎಂದು ಬರೆಯಬೇಕಾದ ಜಾಗಕ್ಕೆ ಬಂದಾಗ ಕೈ ನಿಂತಿತು. ವಿಜಿ ಕಾಫಿ ತಂದಿಟ್ಟು, "ನಿನ್ನೆಯಿಂದ ಅಂತ ಬರೀಬೇಡ ಶ್ರೀಧರ. ನಂಗೂ ಹೋದ್ ವರ್ಷವೇ ಗೊತ್ತಾಗಿತ್ತು" ಎಂದಳು. ಹೋದ ವರ್ಷದಿಂದ ಎಂದು ಬರೆದೆ. ಆ ಒಂದು ವರ್ಷದಲ್ಲಿ ಅವನ ಕೈಯಲ್ಲಿ ಎಷ್ಟು ಮಂದಿ ಕಣ್ಣು ಮುಚ್ಚಿದರೋ, ಅವರೆಲ್ಲರೂ ಸರಿಯಾಗಿ ವಾಪಸ್ ಬಂದರೋ, ನನಗೆ ತಿಳಿಯದು. ತಿಳಿಯುವ ದಾರಿಯೂ ಇಲ್ಲ. ಅವನಿಗೆ ಬಂದದ್ದು ರೋಗ, ಅದಕ್ಕೆ ಅವನನ್ನು ದೂರುವಂತಿಲ್ಲ. ನಾನು ಸುಮ್ಮನಿದ್ದದ್ದಕ್ಕೆ ಅಂಥ ಯಾವ ಹೆಸರೂ ಇಲ್ಲ. ಸ್ನೇಹ ಎಂದು ಕರೆದುಕೊಂಡಿದ್ದೆ; ಈಗ ನೋಡಿದರೆ ಅದು ಶುದ್ಧ ಪುಕ್ಕಲುತನ.

ಮೂರು ತಿಂಗಳಾಯಿತು. ಇಮ್ತಿಯಾಜ್ ನನ್ನ ಫೋನ್ ಎತ್ತುವುದಿಲ್ಲ. ಅದು ಕೋಪವೋ ಮರೆವೋ ಎಂದು ಬಗೆಹರಿಯದಿರುವುದು ನನಗೆ ಸಿಕ್ಕಿರುವ ಶಿಕ್ಷೆಯ ಒಂದು ಭಾಗ.

ಮೊನ್ನೆ ಅವನ ಹೆಂಡತಿ ನಸ್ರೀನ್ ತಾವಾಗಿಯೇ ಫೋನ್ ಮಾಡಿದರು. ನಾನು ಊಟದ ಮೇಜಿನ ಮುಂದೆ ಕೂತಿದ್ದೆ. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. "ಶ್ರೀಧರಣ್ಣ, ಬೆಳಗ್ಗೆಯಿಂದ ಡೈನಿಂಗ್ ಟೇಬಲ್ ಬಡೀತಾನೇ ಇದ್ದಾರೆ. ತಿಂಡಿನೂ ತಿಂದಿಲ್ಲ. ಸಾಕು ಅಂದ್ರೆ ನನ್ ಮುಖ ನೋಡ್ತಾರೆ, ಪಾಪ, ನಿಲ್ಸಕ್ಕೆ ಗೊತ್ತಾಗ್ತಿಲ್ಲ ಅನ್ಸತ್ತೆ. ಏನ್ ಮಾಡ್ಲಿ ಹೇಳಿ" ಎಂದರು. ಅವರ ಮಾತಿನ ಹಿಂದೆ ನನಗದು ಕೇಳುತ್ತಿತ್ತು: ಅದೇ ಏಟು, ಅದೇ ಅಂತರ.

"ಭಾಭಿ, ಟೇಬಲ್ ಮೇಲೆ ನೀವು ಎರಡು ಸಲ ಬಡೀರಿ. ಬೇಗಬೇಗ, ಗಟ್ಟಿಯಾಗಿ."

ಅವರು ಫೋನ್ ಕೆಳಗಿಟ್ಟ ಸದ್ದಾಯಿತು. ಆಮೇಲೆ, ಬಳೆಯ ಸದ್ದಿನೊಡನೆ, ಎರಡು ಏಟು. ಅಡಿಲೇಡಿನ ಆ ಮೇಜಿನ ಮೇಲಿನ ಕೈ ಸುತ್ತನ್ನು ಪೂರ್ತಿ ಮುಗಿಸಿ, ಸರಿಯಾಗಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು.

ಅಡುಗೆಮನೆಯಿಂದ ನನ್ನ ಹೆಂಡತಿ ಇಣುಕಿ ನೋಡಿದಳು. ಇಷ್ಟು ಹೊತ್ತು ನನ್ನ ಬೆರಳುಗಳೂ ಮೇಜಿನ ಮೇಲೆ ಅವನ ಜೊತೆಯಲ್ಲೇ ಬಡಿಯುತ್ತಿದ್ದವೆಂದೂ, ಅವನೊಡನೆಯೇ ನಿಂತವೆಂದೂ ನನಗೆ ಆಗಲೇ ತಿಳಿದದ್ದು.