ಒಂದೇ ಬೆಳಕಿಗೆ ತಂದ ಹನ್ನೊಂದು ಫೋಟೋಗಳು

ಚರ್ಮದ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ‘ಮಿಸುಕಬೇಡಿ ಮೇಡಂ’ ಎಂದೇ ಕರೆಯುತ್ತಿದ್ದರು. ರೋಗಿಗಳ ಫೋಟೋ ತೆಗೆಯುವುದು ಅವಳ ಕೆಲಸ. ದಿನಕ್ಕೆ ಮೂವತ್ತು ಸಲವಾದರೂ ಆ ಮಾತು ಬಾಯಿಂದ ಬರುತ್ತಿತ್ತು. ಮನೆಯಲ್ಲಿ ನೊಣ ಹೊಡೆಯುವಾಗ ನೊಣಕ್ಕೂ ಅದನ್ನೇ ಹೇಳುತ್ತಾಳೆ ಎಂದು ತಂಗಿ ಆಡಿಕೊಂಡು ನಗುತ್ತಿದ್ದಳು. ಆ ನಗು ಮನೆಗೆ ಮರಳಿ ಬಂದದ್ದು ಮಾತ್ರ ಈಚೆಗೆ.

ಮೂರು ವರ್ಷದ ಹಿಂದೆ ತಂಗಿಯ ಕತ್ತಿನ ಹಿಂದೆ ತೊನ್ನು ಕಾಣಿಸಿಕೊಂಡು, ನೋಡನೋಡುತ್ತ ಬೆನ್ನಿಗಿಳಿದಿತ್ತು. ಅವಳು ಹೊಲಿಗೆ ಅಂಗಡಿಯ ಕೆಲಸ ಬಿಟ್ಟು ಮನೆ ಹಿಡಿದಳು. ಅಕ್ಕನೇ ಹಟ ಮಾಡಿ ತನ್ನ ಆಸ್ಪತ್ರೆಗೆ ಕರೆತಂದಳು. ಅಕ್ಕ ದಿನಾ ಬೆನ್ನಿಗೆ ಹಚ್ಚುವ ಮುಲಾಮಿನ ಜೊತೆಗೆ ಹೊಸ ಮಾತ್ರೆ ಶುರುವಾಯಿತು. ತಿಂದದ್ದು ನಿಲ್ಲದಂತೆ ಹೊಟ್ಟೆ ತೊಳಸುವ ಮಾತ್ರೆ. ತಾನೇ ನೋಡಿಕೊಳ್ಳಲಾಗದ ಜಾಗವಾದ್ದರಿಂದ, ತಿಂಗಳಿಗೊಮ್ಮೆ ಅಕ್ಕ ತೆಗೆಯುವ ಫೋಟೋವನ್ನೇ ತಂಗಿ ನಂಬಿಕೊಂಡಿದ್ದಳು.

ಫೋಟೋದಲ್ಲಿ ಕಲೆ ತಿಂಗಳಿಂದ ತಿಂಗಳಿಗೆ ಮಂಕಾಗುತ್ತ ಬಂತು. ಹತ್ತನೆಯದನ್ನು ನೋಡಿದ ಮೇಲೆ ತಂಗಿ ಹೊಲಿಗೆ ಅಂಗಡಿಗೆ ಹೋಗಿ, “ಮುಂದಿನ ತಿಂಗಳಿಂದ ಬರ್ತೀನಿ” ಎಂದು ಹೇಳಿಯೇ ಬಂದಳು.

ಹನ್ನೊಂದನೆಯ ತಿಂಗಳು, ಆ ಮಾತ್ರೆ ಬರೆದುಕೊಟ್ಟಿದ್ದ ಡಾಕ್ಟರಮ್ಮ ಫೋಟೋ ಕೋಣೆಗೆ ಬಂದರು.

“ಈ ಮಾತ್ರೆ ತಗೊಳ್ಳೋರೆಲ್ಲರ ಫೋಟೋ ಸಾಲಾಗಿ ಜೋಡಿಸಿಕೊಡಿ. ಬೇರೆ ಡಾಕ್ಟರ್‌ಗಳಿಗೆ ತೋರಿಸಬೇಕು. ಬೆಳಕು ಎಲ್ಲದರಲ್ಲೂ ಒಂದೇ ಸಮ ಇರಲಿ.”

“ಇದ್ದೇ ಇರುತ್ತೆ ಮೇಡಂ. ಮೊದಲ ದಿನ ಇಟ್ಟ ಕ್ಯಾಮೆರಾ ಸೆಟ್ಟಿಂಗನ್ನ ಇವತ್ತಿಗೂ ಮುಟ್ಟಿಲ್ಲ ನಾನು.”

ಕ್ಯಾಮೆರಾ ಹಿಡಿದ ಬೆಳಕನ್ನು ಇದ್ದಂತೆಯೇ ಉಳಿಸಿಟ್ಟುಕೊಳ್ಳುವ ರಾ ಫೈಲುಗಳನ್ನು ಅವಳು ತೆರೆದಳು. ಮೊದಲು ತಂಗಿಯದೇ. ಹನ್ನೊಂದು ಬೆನ್ನುಗಳನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಎಡದಿಂದ ಬಲಕ್ಕೆ ಸಂಜೆಯಾಗುತ್ತ ಹೋದಂತಿತ್ತು. ಚರ್ಮಕ್ಕೆ ಅಂಟಿಸುವ ಅಳತೆಪಟ್ಟಿಯ ಮೇಲೆ ಒಂದು ಬೂದು ಚೌಕವಿರುತ್ತದೆ. ಅದರ ಬಣ್ಣ ಬದಲಾಗುವಂಥದ್ದಲ್ಲ. ಮೊದಲ ಫೋಟೋದಲ್ಲಿ ಅದರ ಮೇಲೆ ಮೌಸ್ ಇಟ್ಟಾಗ ತೋರಿದ ಬೆಳಕಿನ ಅಂಕಿ, ಕೊನೆಯದರಲ್ಲಿ ಅರ್ಧಕ್ಕೆ ಹತ್ತಿರ ಇಳಿದಿತ್ತು.

ಫೋಟೋಗೆ ಬೆಳಕು ಬರುತ್ತಿದ್ದುದು ಕಿಟಕಿಯಿಂದಲೇ. ಅವಳು ಅತ್ತ ತಿರುಗಿದಳು. ಪಕ್ಕದ ಖಾಲಿ ಜಾಗದಲ್ಲಿ ಏಳುತ್ತಿದ್ದ ಕಟ್ಟಡ ಐದನೆಯ ಮಹಡಿ ಮುಟ್ಟಿತ್ತು. ಒಂದೊಂದು ಮಹಡಿ ಎದ್ದಂತೆ ಕೋಣೆಯ ಬೆಳಕು ಇಷ್ಟಿಷ್ಟೇ ಸತ್ತಿತ್ತು. ದಿನವೂ ಅಲ್ಲೇ ಕೂರುವ ಅವಳ ಕಣ್ಣಿಗೆ ಅದು ತಿಳಿದೇ ಇರಲಿಲ್ಲ.

ಮತ್ತೆ ಪರದೆಯತ್ತ ತಿರುಗಿದಳು. ಒಂದರ ಸೆಟ್ಟಿಂಗನ್ನು ಉಳಿದವಕ್ಕೆ ನಕಲು ಮಾಡಿ ಮುಗಿಸುವಂತಿರಲಿಲ್ಲ. ಒಂದೊಂದರ ಕತ್ತಲೆಯೂ ಬೇರೆ. ಬೂದು ಚೌಕದ ಅಂಕಿ ಮೊದಲನೆಯದಕ್ಕೆ ಸರಿಹೊಂದುವ ತನಕ ಪ್ರತಿಯೊಂದರ ಎಕ್ಸ್‌ಪೋಷರನ್ನೂ, ಅಂದರೆ ಬೆಳಕಿನ ಮಟ್ಟವನ್ನು, ಏರಿಸಿದಳು. ಎರಡನೆಯದಕ್ಕೆ ಕೂದಲೆಳೆಯಷ್ಟು, ಐದನೆಯದಕ್ಕೆ ಮುಕ್ಕಾಲು ಹಂತ, ಹನ್ನೊಂದನೆಯದಕ್ಕೆ ಒಂದೂವರೆ ಹಂತ. ಏರಿಸಿದಂತೆಲ್ಲ ಕಲೆ ಸುಣ್ಣ ಬಳಿದಂತೆ ಎದ್ದು ಬಂತು. ಮಂಕಿನಲ್ಲಿ ಅಡಗಿದ್ದ ಅಂಚು ಈಗ ಕಾಣುತ್ತಿತ್ತು. ಎಡಭುಜದ ಕಡೆಗೆ ಆರು ಮಿಲಿಮೀಟರ್ ಬೆಳೆದಿತ್ತು.

ಅದೇ ಮಾತ್ರೆ ತೆಗೆದುಕೊಳ್ಳುತ್ತಿದ್ದ ಉಳಿದ ಆರು ಜನರದನ್ನೂ ಸರಿಹೊಂದಿಸಿದಳು, ಒಬ್ಬರಿಗಾದರೂ ವಾಸಿಯಾಗಿರಲಿ ಎಂದು ಹಂಬಲಿಸುತ್ತ. ಯಾರಿಗೂ ಆಗಿರಲಿಲ್ಲ. ಒಮ್ಮೆ ತಂಗಿಯ ಫೋಟೋಗಳ ಎಕ್ಸ್‌ಪೋಷರನ್ನು ಮತ್ತೆ ಸೊನ್ನೆಗೆ ತಂದಳು. ಕಲೆ ಮಂಕಾಯಿತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತು, ಆಮೇಲೆ ಡಾಕ್ಟರಮ್ಮನನ್ನು ಕರೆದಳು.

ಅವರು ಸರಿಹೊಂದಿಸದ ಸಾಲನ್ನೂ ಸರಿಹೊಂದಿಸಿದ ಸಾಲನ್ನೂ ನೋಡಿ ಕನ್ನಡಕ ತೆಗೆದಿಟ್ಟರು. “ಅಂದ್ರೆ, ಇಷ್ಟು ದಿನ ವಾಸಿಯಾಗ್ತಿದ್ದಿದ್ದು…”

“ಏನೂ ವಾಸಿಯಾಗ್ತಿರಲಿಲ್ಲ ಮೇಡಂ. ನಾನು ಕಿಟಕಿ ಕಡೆ ನೋಡ್ಬೇಕಿತ್ತು.”

“ನಾನು ರೋಗಿನ ನೋಡ್ಬೇಕಿತ್ತು,” ಎಂದರು ಅವರು. “ಮಾತ್ರೆ ನಿಲ್ಲಿಸೋಣ.”

ಸಂಜೆ ಮನೆಗೆ ಬಂದಾಗ ತಂಗಿ ಹೊಲಿಗೆ ಮಶೀನಿಗೆ ಎಣ್ಣೆ ಬಿಡುತ್ತಿದ್ದಳು.

“ಈ ತಿಂಗಳದ್ದು ತಂದ್ಯೇನಕ್ಕ?”

ಅಕ್ಕ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ತಂಗಿ ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸಿ ತಿರುಗಿಸಿ ಬಿಗಿಮಾಡಿದಳು.

“ದಿನಾ ನನ್ನ ಬೆನ್ನಿಗೆ ಮುಲಾಮು ಹಚ್ತಿದ್ದೋಳು ನೀನು. ನಿನ್ನ ಕಣ್ಣಿಗೂ ಕಾಣಲಿಲ್ವಾ?”

“ಫೋಟೋ ನೋಡಿ ನೋಡಿ, ಬೆನ್ನು ನೋಡಿದ್ರೂ ಕಮ್ಮಿ ಆಗಿದೆ ಅಂತಲೇ ಅನ್ನಿಸ್ತಿತ್ತು ಕಣೇ.”

“ಹನ್ನೊಂದು ತಿಂಗಳು ವಾಂತಿ ಮಾಡ್ಕೊಂಡೆ ನಾನು,” ಎಂದಳು ತಂಗಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದೇ ಅಕ್ಕನನ್ನು ಹೆಚ್ಚು ಸುಟ್ಟಿತು.

ಹೊಲಿಗೆ ಅಂಗಡಿಯವರು ಎರಡು ವಾರ ಕಾದು ಬೇರೆಯವಳನ್ನು ಇಟ್ಟುಕೊಂಡರು. ಆಸ್ಪತ್ರೆ ಫೋಟೋ ಕೋಣೆಗೆ ದೀಪ ಹಾಕಿಸಿತು. ಆರು ಜನರಲ್ಲಿ ನಾಲ್ವರು ಮತ್ತೆ ಬರಲಿಲ್ಲ. ಬಂದವರು “ಕಮ್ಮಿ ಆಗಿದೆಯಾ ಮೇಡಂ?” ಎಂದು ಕೇಳಿದರೆ, ಅವಳು “ಡಾಕ್ಟರ್ ಹೇಳ್ತಾರೆ” ಎಂದು ಮುಖ ತಿರುಗಿಸುತ್ತಾಳೆ.

ತಂಗಿ ಈಗ ಬಾಗಿಲು ಹಾಕಿಕೊಂಡೇ ಬಟ್ಟೆ ಬದಲಿಸುತ್ತಾಳೆ. ಮುಲಾಮು ಹಚ್ಚಲು ಕರೆಯುವುದಿಲ್ಲ. ಬೆನ್ನು ಹೇಗಿದೆಯೋ ಅಕ್ಕನಿಗೆ ಗೊತ್ತಿಲ್ಲ. ಕೇಳಲು ಬಾಯಿಯೂ ಬರುವುದಿಲ್ಲ.