ತಡವಿ ನೋಡಿ ಬಿಟ್ಟ ಗಂಟು

ಅನುಮಾನ ನನ್ನ ಹುಟ್ಟುಗುಣ. ಹಿರಿಯೂರಿನ ಸಂತೆಯಲ್ಲಿ ತಕ್ಕಡಿಯ ತಳಕ್ಕೆ ಬಗ್ಗಿ ನೋಡುತ್ತಿದ್ದೆ. ಹಾಲಿನವನು ಕ್ಯಾನಿನ ಮುಚ್ಚಳ ತೆಗೆದರೆ ನನ್ನ ಕಣ್ಣು ಅವನ ಕೈಮೇಲೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ಕಾಪಿ ಹೊಡೆಯುವವರು ನನ್ನ ಚಪ್ಪಲಿ ಸದ್ದಿಗೇ ಬೆವರುತ್ತಿದ್ದರು.

ಇಂಥವಳ ಕೈಗೇ ಅದು ಸಿಕ್ಕಿದ್ದು. ತೊಂಬತ್ತರ ದಶಕದ ಕೊನೆಯ ಒಂದು ಯುಗಾದಿ. ತುರುವನೂರಿನಿಂದ ಬಂದಿದ್ದ ಅವ್ವನಿಗೆ ಎಣ್ಣೆ ಹಚ್ಚುತ್ತಿದ್ದೆ. ಬೆನ್ನಿನಿಂದ ಕಂಕುಳಿಗೆ ಕೈ ಜಾರಿದಾಗ ಹುಣಸೆಬೀಜದಷ್ಟು ಗಂಟು ಬೆರಳಿಗೆ ತಾಗಿತು.

“ನೋವೈತಾ ಅವ್ವಾ?”

“ಏನೂ ಇಲ್ಲ. ಯಾವಾಗಿಂದ್ಲೋ ಐತೆ, ಬಿಡು.”

ಬಿಟ್ಟೆ. ನಮ್ಮ ಕಡೆ ನೋಯದಿದ್ದರೆ ಅದು ರೋಗವೇ ಅಲ್ಲ. ನೋಯುವ ಕುರುವಿಗೆ ಅರಿಶಿನ ಅರೆದು ಹಚ್ಚುವ ನಾವು, ತಣ್ಣಗಿರುವ ಗಂಟನ್ನು ಮಾತಾಡಿಸುವುದೂ ಇಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ ಅದು ನಿಂಬೆಹಣ್ಣಿನಷ್ಟಾಗಿತ್ತು, ಎದೆಯಲ್ಲೂ ಒಂದು ಗಟ್ಟಿ ಗಂಟು ಕೂತಿತ್ತು. ಚಿತ್ರದುರ್ಗದ ಡಾಕ್ಟರು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಎಂದರು. ನಾನು ನಂಬಲಿಲ್ಲ. “ಸಣ್ಣ ಮುಳ್ಳು ಚುಚ್ಚಿದರೂ ಮೈ ಕೀವು ತುಂಬಿಸಿ ಹೊರಗೆ ಹಾಕುತ್ತೆ. ಇದನ್ನ ಹೇಗೆ ಸುಮ್ಮನೆ ಬಿಡ್ತು ಸಾರ್?” ಎಂದು ಪಾಟೀಸವಾಲು ಹಾಕಿದೆ.

“ಮುಳ್ಳು ಹೊರಗಿನದು ಮೇಡಂ. ಇದು ಅವರದೇ ಜೀವಕೋಶ, ಕೆಟ್ಟಿದೆ ಅಷ್ಟೇ. ರಕ್ತದ ಕಾವಲು ಕೋಶಗಳು ಬಂದು ತಡವಿ ನೋಡ್ತವೆ. ಕೆಟ್ಟಿರೋ ಗುರುತನ್ನ ಇದು ಬಚ್ಚಿಟ್ಟುಕೊಂಡಿರುತ್ತೆ. ಒಂದೊಂದು ಸಲ ಕಾವಲಿನವರನ್ನೇ ಮಂಕು ಮಾಡುತ್ತೆ. ನಮ್ಮದೇ ಅಂತ ಅವು ಬಿಟ್ಟು ಹೋಗ್ತವೆ.”

ನಾನೂ ತಡವಿ ನೋಡಿಯೇ ಬಿಟ್ಟಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕುರಿ ಸಾಕಿ ನಮ್ಮನ್ನು ಬೆಳೆಸಿದ್ದ ಅವ್ವನಿಗೆ ಮಾತ್ರ ಅದು ಥಟ್ಟನೆ ಅರ್ಥವಾಯಿತು. “ಮರಿ ಸತ್ತ ಕುರಿ ಹತ್ರ ತಬ್ಬಲಿ ಮರೀನ ಬಿಡಾವಾಗ, ಸತ್ತ ಮರಿ ಚರ್ಮ ಹೊದ್ಸಿ ಬಿಡ್ತಿದ್ವಿ ಡಾಕ್ಟ್ರೇ. ಕುರಿ ಮೂಸಿ ನೋಡಿ, ತನ್ನದೇ ಅನ್ಕಂಡು ಮೊಲೆ ಕೊಡ್ತಿತ್ತು. ಹಂಗೇ ಬಿಡ್ರಿ ಇದು.”

ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಂಡು ಹಿರಿಯೂರಿನ ಬಸ್ಸು ಹತ್ತಿದೆವು. ಡಾಕ್ಟರ ಮಾತಿನಲ್ಲಿ ಭರವಸೆ ಕಡಿಮೆ ಇತ್ತು, ಇದ್ದಷ್ಟನ್ನೂ ನಾನು ಅನುಮಾನಿಸಿದೆ. ಐಮಂಗಲ ದಾಟಿದ ಮೇಲೆ ತಡೆಯಲಾರದೆ ಕೇಳಿದೆ.

“ಆಮೇಲೆ ಆ ಚರ್ಮ ತೆಗೆದ್ರೆ ಕುರಿಗೆ ಗೊತ್ತಾಗ್ತಿತ್ತಲ್ಲವ್ವಾ? ಮರೀನ ಒದ್ದು ಓಡಿಸ್ತಿತ್ತು, ಅಲ್ವಾ?”

ಅವ್ವ ಕಿಟಕಿಯ ಕಡೆ ತಿರುಗಿಕೊಂಡಳು.

“ಇಲ್ಲ ಕಣವ್ವ. ಮೂರ್ನಾಕು ದಿನ ಹಾಲು ಕುಡುದ್ ಮ್ಯಾಲೆ, ಮರಿ ಅದ್ರದ್ದೇ ಆಗೋಗಿರ್ತಿತ್ತು.”